ಕೃತಿಪರೀಕ್ಷೆಗೆ ಬೇಕಾದ ಎದೆ

೧

ಹತ್ತನೆಯ ಶತಮಾನದ ಕವಿಚಕ್ರವರ್ತಿ ರನ್ನನು ತನ್ನ ಕಾವ್ಯವನ್ನು ಪರೀಕ್ಷಿಸಹೊರಡುವವರಿಗೆ ಒಂದು ಸವಾಲನ್ನು ಹಾಕಿರುವನು. ಆದಿಶೇಷನ ಹೆಡೆಯ ಮೇಲಣ ರತ್ನವನ್ನೂ ತನ್ನ ಕೃತಿಯೆಂಬ ರತ್ನವನ್ನೂ ಪರೀಕ್ಷಿಸುತ್ತೇನೆಂದು ಮುಂದೆ ಬರುವವನಿಗೆ ಎಂಟೆದೆಯುಂಟೆ ಎಂಬುದು ಅವನ ಪ್ರಶ್ನೆ. ಇದು ಕವಿಯ ಗರ್ವೋಕ್ತಿಯೆಂದು ನಾವು ತರಗತಿಗಳಲ್ಲಿ ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಆ ಮಾತಿನಲ್ಲಿ ಗರ್ವದ ಜೊತೆಗೆ ಒಂದು ಅನುಭವಸತ್ಯವೂ ಅಡಗಿದೆ. ಒಬ್ಬನು ಬರೆದುದನ್ನು ಇನ್ನೊಬ್ಬನು ಓದಿ, ಅದರ ಗುಣದೋಷಗಳನ್ನು ಬರೆದವನ ಮುಖವನ್ನು ನೋಡುತ್ತ ಹೇಳುವುದು ಸುಲಭವಾದ ಕಾರ್ಯವಲ್ಲ. ಹಾವಿನ ಹೆಡೆಗೆ ಕೈಯಿಕ್ಕುವಾಗ ಹುಟ್ಟುವ ಅಳುಕು ಅಲ್ಲಿಯೂ ಹುಟ್ಟುತ್ತದೆ. ಹೇಳಿಸಿಕೊಳ್ಳುವವನಿಗೂ ಅಳುಕು ಇಲ್ಲದಿಲ್ಲ.

ಅಚ್ಚಾಗಿ ಹೊರಬಿದ್ದ ಗ್ರಂಥದ ವಿಮರ್ಶೆಯು ಈ ಲೇಖನದ ವಿಷಯವಲ್ಲ. ಕೃತಿಯು ಇನ್ನೂ ಹಸ್ತಪ್ರತಿಯ ಸ್ಥಿತಿಯಲ್ಲಿರುವಾಗ, ತಿದ್ದಲು ಅವಕಾಶವಿರುವಾಗ, ಬರೆಯುವವರು ತಮ್ಮ ಸಮಾನರೊಡನೆ ಅದನ್ನು ಕೊಟ್ಟು ತೆಗೆದುಕೊಂಡು ಮಾಡುವ ಪರಾಮರ್ಶೆಯೇ ಇಲ್ಲಿಯ ವಿಷಯ. ಆ ಕಾರ್ಯದಲ್ಲಿ ಧೈರ್ಯವು ಹೇಗೆ ಬೆಳೆಯುತ್ತದೆ, ಅದಕ್ಕೆ ನಿಜವಾಗಿಯೂ ಎಂಟೆದೆ ಬೇಕೆ, ನಮ್ಮ ಸಾಹಿತ್ಯಪರಂಪರೆಯು ಈ ವಿಷಯದಲ್ಲಿ ಏನನ್ನು ಹೇಳುತ್ತದೆ ಎಂಬುದನ್ನು ಕ್ರಮವಾಗಿ ವಿಚಾರಮಾಡೋಣ.

ಈ ವಿಚಾರಕ್ಕೆ ನನ್ನನ್ನು ಪ್ರೇರಿಸಿದ ಒಂದು ಸಂಗತಿಯನ್ನು ಮೊದಲೇ ನಿವೇದಿಸುವುದು ಉಚಿತ. ಬಹುಕಾಲದ ಹಿಂದೆ ನನ್ನ ಸಹೋದ್ಯೋಗಿಯಾಗಿದ್ದ ಮಿತ್ರರೊಬ್ಬರು ತಾವು ಬರೆದ ಖಂಡಕಾವ್ಯದ ಹಸ್ತಪ್ರತಿಯನ್ನು ನನಗೆ ಕೊಟ್ಟು ಅಭಿಪ್ರಾಯವನ್ನು ಕೇಳಿದರು. ಕಥೆಯು ಮೂರನೆಯ ಸರ್ಗದಲ್ಲಿ ನಿಂತು ಹೋಗಿ, ವರ್ಣನೆಯು ವರ್ಣನೆಯನ್ನು ನೂಕುತ್ತ ಇಪ್ಪತ್ತು ಪುಟಗಳಷ್ಟು ಬೆಳೆದಿತ್ತು. ಅಲ್ಲಿ ನಾನು ಎರಡು ಸಲ ಪುಸ್ತಕವನ್ನು ಕೆಳಗಿಟ್ಟೆನು. ಆದರೆ ಮಿತ್ರರನ್ನು ಕಂಡಾಗ ದಾಕ್ಷಿಣ್ಯವು ಬಾಯನ್ನು ಕಟ್ಟಿತು. "ಬಹಳ ಚೆನ್ನಾಗಿದೆ, ಅಚ್ಚುಹಾಕಿಸಿ" ಎಂದುಬಿಟ್ಟೆನು. ಅವರು ಸಾಲಮಾಡಿ ಅಚ್ಚುಹಾಕಿಸಿದರು. ಮುಂದೆ ಬಂದ ವಿಮರ್ಶೆಯೊಂದರಲ್ಲಿ ಆ ಮೂರನೆಯ ಸರ್ಗವನ್ನೇ ಹಿಡಿದು ಹಾಸ್ಯಮಾಡಿದ್ದರು. ಆ ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದ ಮಿತ್ರರು ಕೇಳಿದುದು ಒಂದೇ ಮಾತು: "ನೀವು ಓದಿದಾಗ ಇದು ನಿಮಗೆ ಕಾಣಲಿಲ್ಲವೆ, ರಾಯರೆ?" ಕಂಡಿತ್ತೆಂದು ಹೇಳಲು ನನಗೆ ಆಗಲೂ ಎದೆಯಾಗಲಿಲ್ಲ. ಅವರು ಮತ್ತೆ ಕಾವ್ಯವನ್ನು ಬರೆಯಲಿಲ್ಲ.

೨

ಬರೆದವನು ತನ್ನ ಬರಹವನ್ನು ಇತರರಿಗೆ ತೋರಿಸುವುದು ಏಕೆ ಅವಶ್ಯಕ? ಈ ಪ್ರಶ್ನೆಗೆ ನಮಗೆ ದೊರೆತಿರುವ ಕನ್ನಡದ ಮೊದಲನೆಯ ಗ್ರಂಥದಲ್ಲಿಯೇ ಉತ್ತರವಿದೆಯೆಂಬುದು ಗಮನಾರ್ಹ. ಕ್ರಿ. ಶ. ೮೫೦ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಕರ್ತೃವು, ಎಷ್ಟು ಪ್ರಯತ್ನಪಟ್ಟರೂ ಕವಿಯು ತನ್ನ ದೋಷವನ್ನು ತಾನು ಕಾಣಲಾರನೆಂದು ಹೇಳುತ್ತಾನೆ. ಅದಕ್ಕೆ ಅವನು ಕೊಡುವ ದೃಷ್ಟಾಂತವು ಬಹು ಸರಳವಾದುದು: ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣದು. ಆದುದರಿಂದ ಕಾವ್ಯವನ್ನು ಇತರರಿಂದ ತಿದ್ದಿಸಿಯೇ ಹೊರಪಡಿಸಬೇಕೆಂಬುದು ಅವನ ವಿಧಿ.

ಈ ದೃಷ್ಟಾಂತದ ಸ್ವಾರಸ್ಯವನ್ನು ಸ್ವಲ್ಪ ವಿಚಾರಿಸಬೇಕು. ಕಾಡಿಗೆಯು ಕಣ್ಣಿಗೆ ಕಾಣದಿರುವುದು ಕಣ್ಣಿನ ದೋಷದಿಂದಲ್ಲ. ದೃಷ್ಟಿಯು ಎಷ್ಟು ತೀಕ್ಷ್ಣವಾಗಿದ್ದರೂ, ಅತಿ ಸಮೀಪದಲ್ಲಿರುವುದರಿಂದ ಅದು ಕಾಣದು. ಹಾಗೆಯೇ ಬರೆದವನಿಗೆ ತನ್ನ ತಪ್ಪು ಕಾಣದಿರುವುದು ಅವನ ಅಜ್ಞಾನದ ಗುರುತಲ್ಲ. ಕರ್ತೃತ್ವದ ಸ್ವಭಾವವೇ ಅಂಥದು. ತಾನು ಹೇಳಬೇಕೆಂದಿದ್ದುದು ಅವನ ಮನಸ್ಸಿನಲ್ಲಿ ತುಂಬಿಕೊಂಡಿರುವುದರಿಂದ, ಕಾಗದದ ಮೇಲೆ ಇಲ್ಲದುದನ್ನೂ ಅವನು ಅಲ್ಲಿ ಓದಿಕೊಳ್ಳುತ್ತಾನೆ. ಇದನ್ನು ಮನಗಂಡವನಿಗೆ ತಿದ್ದಿಸಿಕೊಳ್ಳುವುದು ಅವಮಾನವೆಂದು ತೋರಲಾರದು. ಕನ್ನಡಿಯ ಮುಂದೆ ನಿಲ್ಲಲು ನಾಚುವವರುಂಟೆ? ಬರಹಗಾರನಿಗೆ ಓದುಗನೇ ಕನ್ನಡಿ.

ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಕಾವ್ಯವನ್ನು ವ್ಯಾಸಂಗಮಾಡಿದವರು ಮಾತ್ರವೇ ಅಲ್ಲ, ಉಳಿದವರೂ ತಮ್ಮ ತಮ್ಮ ನುಡಿಯಲ್ಲಿ ಜಾಣರೆಂದೂ, ಚಿಕ್ಕ ಮಕ್ಕಳೂ ಮೂಗರೂ ಸಹ ವಿವೇಕವನ್ನು ತಿಳಿಸಬಲ್ಲರೆಂದೂ ಕನ್ನಡನಾಡಿನ ಜನರನ್ನು ಅಲ್ಲಿ ಕೊಂಡಾಡಿದೆ. ಇದನ್ನು ನಾವು ನಾಡವರ ಹೊಗಳಿಕೆಯೆಂದು ಮಾತ್ರ ಓದುತ್ತೇವೆ. ಆದರೆ ಹಿಂದೆ ಹೇಳಿದ ವಿಧಿಯೊಡನೆ ಇದನ್ನು ಕೂಡಿಸಿ ನೋಡಿದರೆ, ತಿದ್ದಿಸಿಕೊಳ್ಳಲು ಮಹಾಪಂಡಿತರನ್ನೇ ಹುಡುಕಿಕೊಂಡು ಹೋಗಬೇಕಾಗಿಲ್ಲವೆಂಬ ಅರ್ಥವೂ ಹೊರಡುತ್ತದೆ. ನುಡಿಯನ್ನು ಬಲ್ಲವರೆಲ್ಲರೂ ಸ್ವಲ್ಪಮಟ್ಟಿಗೆ ಪರೀಕ್ಷಕರೇ.

ಕ್ರಿ. ಶ. ೯೦೦ರ ಸುಮಾರಿನಲ್ಲಿದ್ದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಕವಿಯ ದಿನಚರಿಯನ್ನು ವಿಧಿಸುವಾಗ ಈ ಪರೀಕ್ಷೆಗೆ ಪ್ರತ್ಯೇಕವಾಗಿ ಒಂದು ಯಾಮವನ್ನೇ ಮೀಸಲಾಗಿಟ್ಟಿದ್ದಾನೆ. ಬೆಳಿಗ್ಗೆ ರಚಿಸಿದುದನ್ನು ಹಗಲಿನ ನಾಲ್ಕನೆಯ ಯಾಮದಲ್ಲಿ ತಾನೊಬ್ಬನೇ ಆಗಲಿ, ಮಿತವಾದ ಪರಿಷತ್ತಿನೊಡನೆ ಆಗಲಿ ಪರೀಕ್ಷಿಸಬೇಕು. ರಸಾವೇಶದಿಂದ ರಚಿಸುತ್ತಿರುವಾಗ ವಿವೇಚನೆಯ ದೃಷ್ಟಿಯಿರುವುದಿಲ್ಲವೆಂಬುದು ಅವನು ಕೊಡುವ ಕಾರಣ. ಇಲ್ಲಿ "ಮಿತವಾದ" ಎಂಬ ವಿಶೇಷಣವನ್ನು ಲಕ್ಷಿಸಬೇಕು. ಸಭೆಯೆಲ್ಲ ನೆರೆದ ಕಡೆಯಲ್ಲಿ ಹಸಿಯ ಕೃತಿಯನ್ನು ಇಡುವುದು ಅವನ ಮತವಲ್ಲ. ಅರ್ಧ ರಚಿಸಿದುದನ್ನು ಓದಬಾರದೆಂದೂ ಅವನು ಎಚ್ಚರಿಸುತ್ತಾನೆ. ಅಂತು, ಎಷ್ಟು ಮಂದಿಗೆ ತೋರಿಸಬೇಕು, ಯಾವಾಗ ತೋರಿಸಬೇಕು ಎಂಬ ವಿವೇಕವು ತೋರಿಸುವ ಧೈರ್ಯದ ಒಂದು ಅಂಗವೇ ಆಗಿದೆ.

೩

ಕೊಡುವವನ ವಿಷಯಕ್ಕೆ ಬರೋಣ. ಕಾವ್ಯವನ್ನು ಆಸ್ವಾದಿಸಿ ವಿವೇಚಿಸುವವನಿಗೆ ಭಾವಕನೆಂದು ಹೆಸರು. ರಾಜಶೇಖರನು ಪೂರ್ವಾಚಾರ್ಯರ ವಿಭಾಗವನ್ನು ವಿಸ್ತರಿಸಿ ಭಾವಕರಲ್ಲಿ ನಾಲ್ಕು ಬಗೆಯನ್ನು ಎಣಿಸಿದ್ದಾನೆ: ಅರೋಚಕಿ, ಸತೃಣಾಭ್ಯವಹಾರಿ, ಮತ್ಸರಿ, ತತ್ತ್ವಾಭಿನಿವೇಶಿ. ಈ ನಾಲ್ವರೂ ಇಂದಿಗೂ ನಮ್ಮ ನಡುವೆ ಇರುವರೆಂಬುದನ್ನು ಅನುಭವಿಗಳು ಒಪ್ಪುವರು.

ಅರೋಚಕಿಗೆ ಯಾವುದೂ ರುಚಿಸದು. ಹಸಿವು ಕೆಟ್ಟವನ ಮುಂದೆ ಮೃಷ್ಟಾನ್ನವನ್ನಿಟ್ಟಂತೆ, ಅವನ ಮುಂದೆ ಯಾವ ಕೃತಿಯನ್ನಿಟ್ಟರೂ ಮುಖ ಸಿಂಡರಿಸುವನು. ಸತೃಣಾಭ್ಯವಹಾರಿಯು ಇದಕ್ಕೆ ವಿರುದ್ಧ; ಅನ್ನದ ಜೊತೆಗೆ ಹುಲ್ಲನ್ನೂ ನುಂಗುವವನು. ಅವನಿಗೆ ಎಲ್ಲವೂ "ಬಹಳ ಚೆನ್ನಾಗಿದೆ." ಮಿತ್ರರ ಮೂರನೆಯ ಸರ್ಗವನ್ನು ಹೊಗಳಿದ ದಿನ ನಾನು ಈ ಪಂಕ್ತಿಯಲ್ಲಿ ಕುಳಿತಿದ್ದೆನು. ಆದರೆ ನಿಜವಾದ ಸತೃಣಾಭ್ಯವಹಾರಿಗೆ ಹುಲ್ಲು ಯಾವುದು ಅನ್ನ ಯಾವುದು ಎಂಬುದು ತಿಳಿಯದು, ನನಗೆ ತಿಳಿದಿತ್ತು. ತಿಳಿದೂ ನುಂಗಿದವನ ಅಪರಾಧವು ಹೆಚ್ಚಿನದೆಂದು ಬೇರೆ ಹೇಳಬೇಕಾಗಿಲ್ಲ. ಮತ್ಸರಿಯ ವಿಷಯವು ಸ್ಪಷ್ಟವಾಗಿಯೇ ಇದೆ. ಗುಣವು ಅವನಿಗೆ ಕಾಣದೆ ಹೋಗುವುದಿಲ್ಲ, ಕಂಡುದನ್ನು ಅವನು ಹೇಳುವುದಿಲ್ಲ. ತತ್ತ್ವಾಭಿನಿವೇಶಿಯೊಬ್ಬನೇ ವಸ್ತುವು ಇದ್ದಂತೆ ಕಂಡು, ಕಂಡಂತೆ ಹೇಳುವವನು. ಅಂಥವನು ಸಾವಿರಕ್ಕೊಬ್ಬನೆಂದು ರಾಜಶೇಖರನೇ ಹೇಳಿದ್ದಾನೆ.

ಸಾವಿರಕ್ಕೊಬ್ಬನೆಂದಮೇಲೆ ಉಳಿದ ಒಂಬೈನೂರ ತೊಂಬತ್ತೊಂಬತ್ತು ಜನರು ಬಾಯಿಮುಚ್ಚಿಕೊಂಡಿರಬೇಕೆ? ಇಲ್ಲಿಯೇ ನಮ್ಮ ಅಳುಕಿನ ಮೂಲವಿದೆಯೆಂದು ನನಗೆ ತೋರುತ್ತದೆ. "ನಾನು ಯಾರು ಇದನ್ನು ತೂಗಿ ನೋಡಲು? ನಾನೇನು ಬರೆದು ಹೆಸರು ಪಡೆದವನೆ?" ಎಂಬ ಶಂಕೆಯಿಂದಲೇ ಬಹುಮಂದಿ ಸಜ್ಜನರು ಸುಮ್ಮನಾಗುತ್ತಾರೆ; ಇಲ್ಲವೆ ಹೊಗಳಿ ಪಾರಾಗುತ್ತಾರೆ. ಈ ಶಂಕೆಗೆ ಕಾರಣವೇನೆಂದರೆ, ಪರೀಕ್ಷೆಗೆ ಕುಳಿತವನು ತನ್ನನ್ನು ನ್ಯಾಯಾಧಿಪತಿಯೆಂದು ಭಾವಿಸಿಕೊಳ್ಳುವುದು. ತೀರ್ಪು ಕೊಡುವುದಕ್ಕೆ ಅಧಿಕಾರವು ಬೇಕು. ಆದರೆ ನ್ಯಾಯಸ್ಥಾನದಲ್ಲಿ ನ್ಯಾಯಾಧಿಪತಿಯಲ್ಲದೆ ಸಾಕ್ಷಿಯೂ ಇರುತ್ತಾನೆ. ಸಾಕ್ಷಿಗೆ ಅಧಿಕಾರವು ಬೇಕಾಗಿಲ್ಲ. ಕಂಡುದನ್ನು ಕಂಡಂತೆ ನುಡಿದರೆ ಸಾಕು. ಓದುಗನು ತನ್ನ ಓದಿನ ಸಾಕ್ಷಿಯಾಗಬಲ್ಲನು. ಎಲ್ಲಿ ತನ್ನ ಮನಸ್ಸು ಓಡಿತು, ಎಲ್ಲಿ ಎಡವಿತು, ಎಲ್ಲಿ ನಿಂತಿತು ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಜಗತ್ತಿನಲ್ಲಿ ಇನ್ನೊಬ್ಬರಿಲ್ಲ.

೪

ಇಂಥ ಸಾಕ್ಷಿಯ ಒಂದು ಸುಂದರವಾದ ಚಿತ್ರವು ನಮ್ಮ ಸಾಹಿತ್ಯದಲ್ಲಿಯೇ ಇದೆ. ಅದು ಮುದ್ದಣನ ಶ್ರೀರಾಮಾಶ್ವಮೇಧದಲ್ಲಿ ಬರುವ ಮನೋರಮೆಯ ಚಿತ್ರ. ಮುದ್ದಣ ಮನೋರಮೆಯರ ಸರಸಸಲ್ಲಾಪವೆಂದು ಅದನ್ನು ಪಾಠಹೇಳದ ಕನ್ನಡ ಪಂಡಿತರಿಲ್ಲ. ಆದರೆ ಸರಸದ ಹೊದಿಕೆಯನ್ನು ಸರಿಸಿ ನೋಡಿದರೆ, ಅಲ್ಲಿ ನಡೆಯುತ್ತಿರುವುದು ಹಸಿಯ ಕೃತಿಯೊಂದರ ಪರಾಮರ್ಶೆಯೇ ಸರಿ.

ಕಥೆಯನ್ನು ಹೇಳೆಂದು ಕೇಳುವವಳು ಮನೋರಮೆ. ಯಾವ ಕಥೆಯೆಂಬುದನ್ನು ಆರಿಸುವುದರಲ್ಲಿ ಅವಳ ಮಾತಿದೆ. ಪದ್ಯವೋ ಗದ್ಯವೋ ಎಂಬ ಪ್ರಶ್ನೆ ಬಂದಾಗ ಗದ್ಯವೇ ಹೃದಯಂಗಮವೆಂದು ನಿರ್ಣಯಿಸುವವಳೂ ಅವಳೇ. ಕವಿಯು ಹುರುಪಿನಿಂದ ಸಂಸ್ಕೃತ ಸಮಾಸಗಳ ಮಾಲೆಯನ್ನು ಬಿಚ್ಚಲು ತೊಡಗಿದೊಡನೆ ಅವಳು ತಡೆಯುತ್ತಾಳೆ. ನೀರೇ ಇಳಿಯದ ಗಂಟಲಿಗೆ ಕಡುಬನ್ನು ತುರುಕಿದರೆ ಹೇಗೋ ಹಾಗಾಯಿತೆಂಬುದು ಅವಳ ದೂರು. ಈ ದೂರಿನ ಸ್ವರೂಪವನ್ನು ಪರಿಶೀಲಿಸಬೇಕು. ನಿನ್ನ ಶೈಲಿಯು ಕೆಟ್ಟದೆಂದು ಅವಳು ಹೇಳಲಿಲ್ಲ. ಸಂಸ್ಕೃತವು ಹೀನವೆಂದೂ ಹೇಳಲಿಲ್ಲ. ಅಲಂಕಾರಶಾಸ್ತ್ರದ ಯಾವ ಸೂತ್ರವನ್ನೂ ಎತ್ತಲಿಲ್ಲ. ತನ್ನ ಗಂಟಲಿನಲ್ಲಿ ಏನಾಯಿತೆಂಬುದನ್ನು ಹೇಳಿದಳು. ಕವಿಯು ವಾದಿಸುವಂತೆಯೇ ಇಲ್ಲ, ಗಂಟಲು ಅವಳದು.

ಕವಿಯೂ ಅದನ್ನು ಸ್ವೀಕರಿಸುತ್ತಾನೆ. ಆದರೆ ಸಂಸ್ಕೃತವನ್ನು ಪೂರ್ತಿಯಾಗಿ ಬಿಟ್ಟುಬಿಡುತ್ತೇನೆಂದು ಶಪಥಮಾಡುವುದಿಲ್ಲ. ತಿರುಳ್ಗನ್ನಡವನ್ನೇ ಹಿಡಿದು, ನಡುನಡುವೆ ಸೊಗಸಿಗೆಂದು ಸಕ್ಕದವನ್ನು ಬೆರಸುತ್ತೇನೆಂದು ಒಂದು ಮಧ್ಯಮಾರ್ಗವನ್ನು ತಾನೇ ಕಂಡುಕೊಳ್ಳುತ್ತಾನೆ. ತೊಡಕನ್ನು ತೋರಿಸಿದವಳು ಓದುಗಳು. ಪರಿಹಾರವನ್ನು ಕಂಡವನು ಕವಿ. ಪರಾಮರ್ಶೆಯಲ್ಲಿ ಇಬ್ಬರ ಪಾಲಿನ ಕೆಲಸಗಳನ್ನು ಇದಕ್ಕಿಂತ ಚೆನ್ನಾಗಿ ಹಂಚಿಕೊಡುವುದು ಕಷ್ಟ.

ಇದನ್ನು ಬರೆದ ಕವಿಯ ಬಾಳಿನ ಕಡೆಗೆ ತಿರುಗಿದರೆ ಮನಸ್ಸಿಗೆ ಖೇದವಾಗುತ್ತದೆ. ಮುದ್ದಣನೆಂಬ ಹೆಸರಿನ ಮರೆಯಲ್ಲಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ಉಪಾಧ್ಯಾಯರಾಗಿದ್ದವರು. ೧೮೯೦ರ ದಶಕದಲ್ಲಿ ಅವರು ತಮ್ಮ ಗ್ರಂಥಗಳನ್ನು ಮೈಸೂರಿನ ಪ್ರಕಾಶಕರಿಗೆ ಕಳುಹಿಸುವಾಗ, ಅವು ಯಾರೋ ಹಳೆಯ ಕವಿಯ ಕೃತಿಗಳೆಂಬಂತೆ ಕಳುಹಿಸಿದರು. ೧೯೦೧ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲಿಯೇ, ಕ್ಷಯರೋಗದಿಂದ ತೀರಿಕೊಂಡರು. ಕರ್ತೃವು ಯಾರೆಂಬುದು ಲೋಕಕ್ಕೆ ಚೆನ್ನಾಗಿ ತಿಳಿದುದು ಆಮೇಲೆ. ಹೊಸಬನ ಬರಹವನ್ನು ವಿದ್ವಾಂಸರು ಮನ್ನಿಸಲಾರರೆಂಬ ಅಳುಕು ಈ ಮರೆಗೆ ಕಾರಣವಾಗಿದ್ದಿರಬಹುದು. ಕೃತಿಯ ಒಳಗೆ ಅಷ್ಟು ದಿಟ್ಟವಾದ ಓದುಗಳನ್ನು ಸೃಷ್ಟಿಸಿದ ಕವಿಯು, ಕೃತಿಯ ಹೊರಗೆ ತನ್ನ ಹೆಸರನ್ನು ಹೇಳಿಕೊಳ್ಳಲಿಲ್ಲ. ಪರೀಕ್ಷಕರ ಸಮಾಜವು ಕಠಿನವೆಂದು ತೋರಿದರೆ ಬರೆಯುವವನು ಏನು ಮಾಡುವನೆಂಬುದಕ್ಕೆ ಇದೊಂದು ನಿದರ್ಶನ.

೫

ತೆಗೆದುಕೊಳ್ಳುವವನ ಧೈರ್ಯವೆಂದರೆ ಹೇಳಿದುದನ್ನೆಲ್ಲ ಒಪ್ಪಿಕೊಳ್ಳುವುದೆಂದು ತಿಳಿಯಬಾರದು. ಇದಕ್ಕೆ ನಮ್ಮ ಸಂಪ್ರದಾಯದಲ್ಲಿ ಬಂದ ಹರಿಹರ ರಾಘವಾಂಕರ ಕಥೆಯು ಒಳ್ಳೆಯ ಉದಾಹರಣೆ. ರಾಘವಾಂಕನು ಹರಿಶ್ಚಂದ್ರ ಕಾವ್ಯವನ್ನು ರಚಿಸಿದಾಗ, ಸೋದರಮಾವನೂ ಗುರುವೂ ಆದ ಹರಿಹರನು, ಶಿವಶರಣರನ್ನು ಬಿಟ್ಟು ನರನೊಬ್ಬನನ್ನು ಹೊಗಳಿದೆಯೆಂದು ಕೋಪಗೊಂಡು ಹೊಡೆದನೆಂದೂ, ಶಿಷ್ಯನ ಹಲ್ಲುಗಳು ಬಿದ್ದುವೆಂದೂ, ಆಮೇಲೆ ಶರಣರ ಚರಿತೆಗಳನ್ನು ರಚಿಸಿದಾಗ ಅವು ಮರಳಿ ಬಂದುವೆಂದೂ ಪ್ರತೀತಿ. ಇದನ್ನು ಇತಿಹಾಸವೆಂದು ಯಾರೂ ಎಣಿಸುವುದಿಲ್ಲ. ಆದರೆ ಕಥೆಯ ತಾತ್ಪರ್ಯವು ಅರ್ಥವತ್ತಾಗಿದೆ. ಹರಿಹರನ ಆಕ್ಷೇಪವು ವಸ್ತುವಿನ ಆಯ್ಕೆಯನ್ನು ಕುರಿತುದು. ಕಾವ್ಯವು ಕಾವ್ಯವಾಗಿ ಸಫಲವಾಯಿತೆ ಎಂಬ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ. ಶಿಷ್ಯನು ಗುರುವಿನ ಮನಸ್ಸಿಗೆ ಒಪ್ಪುವ ಬೇರೆ ಕೃತಿಗಳನ್ನು ಬರೆದನು. ಹರಿಶ್ಚಂದ್ರ ಕಾವ್ಯವೂ ಉಳಿಯಿತು. ಇಂದಿಗೂ ನಾವು ರಾಘವಾಂಕನನ್ನು ಮೊದಲು ನೆನೆಯುವುದು ಅದರ ಮೂಲಕವೇ. ತಾನು ಬರೆಯಹೊರಟುದು ಯಾವುದೋ ಅದನ್ನು ಕುರಿತ ಮಾತಿಗೂ, ಬೇರೆ ಏನನ್ನಾದರೂ ಬರೆಯಬೇಕಾಗಿತ್ತೆಂಬ ಮಾತಿಗೂ ಇರುವ ಭೇದವನ್ನು ತಿಳಿದವನಿಗೆ ಪೆಟ್ಟಿನ ಭಯವು ಅರ್ಧ ಕಡಿಮೆಯಾಗುತ್ತದೆ.

ಆದರೂ ಆ ಎರಡನೆಯ ಬಗೆಯ ಮಾತೂ ಒಮ್ಮೊಮ್ಮೆ ಫಲಿಸುವುದುಂಟು. ೧೯೨೪ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಿದ್ದಾಗ ತರುಣ ಕುವೆಂಪು ಅವರು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದರು. ಮಾತೃಭಾಷೆಯಲ್ಲಿ ಬರೆಯಬೇಕೆಂಬ ಸಲಹೆಯು ದೊರೆಯಿತು. ಮೆಚ್ಚಿಕೆಯನ್ನು ಬಯಸಿ ಹೋದವನಿಗೆ ಇದು ಒಡನೆಯೇ ಹಿತವಾಗುವ ಮಾತಲ್ಲ. ಕನ್ನಡವು ಇದರಿಂದ ಏನನ್ನು ಪಡೆಯಿತೆಂಬುದನ್ನು ೧೯೪೯ರಲ್ಲಿ ಪ್ರಕಟವಾದ ಶ್ರೀ ರಾಮಾಯಣ ದರ್ಶನಂ ಹೇಳುತ್ತದೆ. ಆದುದರಿಂದ ಕೇಳಿದೊಡನೆ ಒಪ್ಪುವುದೂ ಕೇಳಿದೊಡನೆ ತಳ್ಳುವುದೂ ಎರಡೂ ಅವಿವೇಕವೇ. ನಡುವೆ ಕಾಲವು ಬೇಕು.

ಪಾಶ್ಚಾತ್ಯ ಸಾಹಿತ್ಯದಲ್ಲಿ ಇಬ್ಬರ ದೃಷ್ಟಾಂತಗಳು ಸಾಹಿತ್ಯಾಧ್ಯಾಪಕರಿಗೆ ಪರಿಚಿತವಾದುವು. ೧೮೧೮ರಲ್ಲಿ ಕೀಟ್ಸನ ಎಂಡಿಮಿಯನ್ ಕಾವ್ಯವನ್ನು ಕ್ವಾರ್ಟರ್ಲಿ ರಿವ್ಯೂ ಪತ್ರಿಕೆಯು ನಿಂದಿಸಿತು. ಆ ನಿಂದೆಯಿಂದಲೇ ಕವಿಯು ಸತ್ತನೆಂಬ ಕಥೆಯು, ಶೆಲ್ಲಿಯು ೧೮೨೧ರಲ್ಲಿ ಬರೆದ ಅಡೊನೇಯಿಸ್ ಶೋಕಗೀತದಿಂದ ಪ್ರಚಾರಕ್ಕೆ ಬಂದಿತು. ವಾಸ್ತವವಾಗಿ ಕೀಟ್ಸನು ಸತ್ತುದು ಕ್ಷಯದಿಂದ. ಅದೇ ೧೮೧೮ರ ಅಕ್ಟೋಬರಿನಲ್ಲಿ ತನ್ನ ಪ್ರಕಾಶಕರಿಗೆ ಬರೆದ ಕಾಗದದಲ್ಲಿ ಅವನು, ಪತ್ರಿಕೆಗಳು ಕೊಡಬಲ್ಲ ನೋವಿಗಿಂತ ತನ್ನ ಕೃತಿಯನ್ನು ತಾನೇ ಪರೀಕ್ಷಿಸಿಕೊಂಡಾಗ ಆದ ನೋವು ಎಷ್ಟೋ ಹೆಚ್ಚಿನದೆಂಬ ಅಭಿಪ್ರಾಯವನ್ನು ತಿಳಿಸಿದ್ದಾನೆ. ತನ್ನನ್ನು ತಾನು ಒರೆಹಚ್ಚಿಕೊಳ್ಳುವ ಅಭ್ಯಾಸವುಳ್ಳವನನ್ನು ಪರರ ಒರೆಯು ಕುಗ್ಗಿಸಲಾರದು.

ಎರಡನೆಯದು ೧೯೨೨ರಲ್ಲಿ ಪ್ರಕಟವಾದ ಎಲಿಯಟ್ಟನ ವೇಸ್ಟ್ ಲ್ಯಾಂಡ್. ಅದರ ಕರಡಿನ ಪ್ರತಿಗಳು ೧೯೭೧ರಲ್ಲಿ ಅಚ್ಚಾದಮೇಲೆ, ಮಿತ್ರನಾದ ಎಜ್ರಾ ಪೌಂಡನು ಅದನ್ನು ಎಷ್ಟು ನಿರ್ದಾಕ್ಷಿಣ್ಯವಾಗಿ ತಿದ್ದಿದನೆಂಬುದು ಎಲ್ಲರಿಗೂ ತಿಳಿಯಿತು. ನಾಲ್ಕನೆಯ ಭಾಗದ ಬಹ್ವಂಶವು ಹಾರಿಹೋಗಿ, ಫ್ಲೀಬಸನೆಂಬ ನಾವಿಕನನ್ನು ಕುರಿತ ಹತ್ತು ಪಂಕ್ತಿಗಳು ಮಾತ್ರ ಉಳಿದುವು. ಎದೆಗುಂದಿದ ಎಲಿಯಟ್ಟನು ಅದನ್ನೂ ತೆಗೆದುಬಿಡಲೆ ಎಂದು ಕೇಳಿದನು. ಅದು ಇರಲೇಬೇಕೆಂದು ಪೌಂಡನು ಉತ್ತರಕೊಟ್ಟನು. ಕತ್ತರಿಸಿದ ಕೈಯೇ ಇಲ್ಲಿ ಕಾಪಾಡಿದ ಕೈಯೂ ಹೌದು. ಯಾವುದು ಉಳಿಯಬೇಕೆಂಬುದನ್ನು ಹೇಳುವುದು ಶಿಷ್ಟಾಚಾರದ ಹೊಗಳಿಕೆಯಲ್ಲ. ತಿದ್ದುವವನ ಕರ್ತವ್ಯದಲ್ಲಿ ಅದು ಅರ್ಧಪಾಲು. ಅದನ್ನು ಹೇಳದಿದ್ದರೆ ಅಳುಕಿದ ಲೇಖಕನು ಒಳ್ಳೆಯದನ್ನೇ ಮೊದಲು ಹೊಡೆದುಹಾಕಿಬಿಡುವನು.

೬

ಇನ್ನು ಪ್ರಯೋಗದ ವಿಷಯ. ಪ್ರೌಢಶಾಲೆಯ ಬಾಲಕನೊಬ್ಬನು ಮಳೆಗಾಲವನ್ನು ಕುರಿತು ಹೀಗೆ ಬರೆದನೆಂದು ಇಟ್ಟುಕೊಳ್ಳೋಣ:

"ಮಳೆಗಾಲದ ಸೌಂದರ್ಯವು ವರ್ಣನಾತೀತವಾದುದು. ಪ್ರಕೃತಿದೇವಿಯು ಹಸುರು ಸೀರೆಯನ್ನುಟ್ಟು ನಲಿಯುತ್ತಾಳೆ. ನಮ್ಮ ಮನೆಯ ಹಿಂದಣ ಹಳ್ಳವು ತುಂಬಿದ ದಿವಸ ಅಜ್ಜಿಯು ಅಡಕೆಮರದ ಸಂಕವನ್ನು ದಡಕ್ಕೆ ಎಳೆಯಿಸಿದಳು."

ಇದನ್ನು ಓದಿದ ಮೂವರು ಸಹಪಾಠಿಗಳು ಮೂರು ಬಗೆಯಾಗಿ ಹೇಳಬಹುದು. ಮೊದಲನೆಯವನು "ಚೆನ್ನಾಗಿದೆ" ಎನ್ನುವನು. ಎರಡನೆಯವನು "ಬರೀ ಕೃತಕ, ನಿನ್ನ ಕೈಯಲ್ಲಿ ಆಗುವ ಕೆಲಸವಲ್ಲ" ಎನ್ನುವನು. ಮೂರನೆಯವನು ಹೇಳುವುದು ಹೀಗೆ: "ಮೊದಲಿನ ಎರಡು ವಾಕ್ಯಗಳನ್ನು ಓದುವಾಗ ನನ್ನ ಮನಸ್ಸು ಎಲ್ಲಿಯೂ ನಿಲ್ಲಲಿಲ್ಲ, ಎಲ್ಲಿಯೋ ಓದಿದಂತಿತ್ತು. ಮೂರನೆಯದರಲ್ಲಿ ನಿಂತುಬಿಟ್ಟಿತು. ಅಜ್ಜಿ ಸಂಕವನ್ನು ಏಕೆ ಎಳೆಯಿಸಿದಳು? ಆಚೆಯ ದಡದಲ್ಲಿ ಯಾರಾದರೂ ಉಳಿದರೆ? ಅದನ್ನು ಹೇಳುವೆಯೆಂದು ಕಾದೆ, ನೀನು ಹೇಳಲಿಲ್ಲ."

ಮೊದಲನೆಯ ಮಾತಿನಿಂದ ಬಾಲಕನಿಗೆ ಸಂತೋಷವಾಗಬಹುದು. ಮಾಡಬೇಕಾದ ಕೆಲಸವೇನೂ ತಿಳಿಯದು. ಎರಡನೆಯ ಮಾತು ಬರಹವನ್ನು ಬಿಟ್ಟು ಬರೆದವನನ್ನು ಹಿಡಿಯಿತು. ಅವನು ಲೇಖನಿಯನ್ನು ಕೆಳಗಿಡುವನು. ಮೂರನೆಯದನ್ನು ಕೇಳಿದವನು ಅಂದು ಸಾಯಂಕಾಲವೇ ಮತ್ತೆ ಬರೆಯಲು ಕುಳಿತುಕೊಳ್ಳುವನು. ಪಾಂಡಿತ್ಯವಿಲ್ಲದ ಬಾಲಕನೂ ಈ ಮೂರನೆಯ ಮಾತನ್ನು ಆಡಬಲ್ಲನೆಂಬುದೇ ಇಲ್ಲಿಯ ಮುಖ್ಯ ಸಂಗತಿ. ಅಮೆರಿಕದ ಪೀಟರ್ ಎಲ್ಬೊ ಎಂಬ ಅಧ್ಯಾಪಕರು ೧೯೭೩ರ ತಮ್ಮ ಗ್ರಂಥದಲ್ಲಿ, ಗುರುವಿಲ್ಲದೆ ಬರಹಗಾರರೇ ಕೂಡಿ ನಡೆಸಬಹುದಾದ ಕೂಟಗಳಿಗೆ ಇದೇ ತತ್ತ್ವವನ್ನು ಆಧಾರವಾಗಿಟ್ಟಿದ್ದಾರೆ: ಓದುಗನು ತೀರ್ಪನ್ನು ಹೇಳದೆ, ಓದುವಾಗ ತನ್ನ ಮನಸ್ಸಿನಲ್ಲಿ ನಡೆದುದನ್ನು ಹೇಳಬೇಕು.

ಆದರೆ ಎಲ್ಲವೂ ಮನಸ್ಸಿನ ಮಾತಲ್ಲ. ಪರೀಕ್ಷಕನು ಕಂಡುದನ್ನು ಮೂರು ರಾಶಿಯಾಗಿ ವಿಂಗಡಿಸಿಕೊಳ್ಳುವುದು ಉಪಯುಕ್ತ. ಮೊದಲನೆಯದು ತಪ್ಪು: ಕಾಗುಣಿತ, ವಿಭಕ್ತಿ, ಛಂದಸ್ಸಿನ ಭಂಗ, ತೇದಿಯ ವ್ಯತ್ಯಾಸ ಮೊದಲಾದುವು. ಇವನ್ನು ಸುತ್ತಿಬಳಸದೆ ತಪ್ಪೆಂದೇ ಹೇಳತಕ್ಕದ್ದು; ಇಲ್ಲಿ ವಿನಯವು ಅನಾವಶ್ಯಕ. ಎರಡನೆಯದು ತೊಡಕು: ಅರ್ಥವಾಗಲಿಲ್ಲ, ಬೇಸರವಾಯಿತು, ನಂಬಿಕೆ ಬರಲಿಲ್ಲ ಎಂಬಂಥವು. ಇವನ್ನು ಸಾಕ್ಷಿಯಾಗಿ ನಿವೇದಿಸಬೇಕು. ಸ್ಥಳವನ್ನು ಬೆರಳಿಟ್ಟು ತೋರಿಸಬೇಕು. ಮೂರನೆಯದು ರುಚಿಭೇದ: ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ ಎಂಬುದು. ಇದನ್ನು ಆದಷ್ಟು ಹೇಳದಿರುವುದೇ ಲೇಸು. ಹೇಳಿದರೂ ರುಚಿಯೆಂದು ಹೆಸರಿಟ್ಟೇ ಹೇಳಬೇಕು. ಈ ಮೂರನ್ನು ಕಲಸಿಬಿಡುವುದರಿಂದಲೇ ಬಹುಮಟ್ಟಿನ ಮನಸ್ತಾಪಗಳು ಹುಟ್ಟುತ್ತವೆ. ರುಚಿಯನ್ನು ತಪ್ಪೆಂದು ಸಾರುವವನು ಅಹಂಕಾರಿಯೆನಿಸುವನು. ತಪ್ಪನ್ನು ರುಚಿಯೆಂದು ಮೃದುಮಾಡುವವನಿಂದ ಲೇಖಕನಿಗೆ ಮೋಸವಾಗುವುದು.

ಸ್ವೀಕರಿಸುವವನಿಗೂ ಕೆಲವು ನಿಯಮಗಳುಂಟು. ಕೃತಿಯನ್ನು ಕೊಡುವಾಗಲೇ ತನಗೆ ಬೇಕಾದುದನ್ನು ಕೇಳಬೇಕು. "ಹೇಗಿದೆ?" ಎಂದು ಕೇಳಿದವನಿಗೆ "ಚೆನ್ನಾಗಿದೆ" ಎಂಬ ಉತ್ತರವೇ ಗತಿ; "ಎಲ್ಲಿ ನಿಮಗೆ ಬೇಸರವಾಯಿತು?" ಎಂದು ಕೇಳಿದವನಿಗೆ ಸತ್ಯವು ದೊರೆಯುವುದು. ನನ್ನ ಮಿತ್ರರು ಹಾಗೆ ಕೇಳಿದ್ದರೆ ನಾನು ಮೂರನೆಯ ಸರ್ಗದ ಹೆಸರನ್ನು ಹೇಳದೆ ತಪ್ಪಿಸಿಕೊಳ್ಳಲಾಗುತ್ತಿರಲಿಲ್ಲ. ಇದರಿಂದ ನನ್ನ ಅಪರಾಧವು ಕಡಿಮೆಯಾಗುವುದಿಲ್ಲ. ಆದರೆ ಅಳುಕುವ ಓದುಗನ ಬಾಯನ್ನು ಬಿಡಿಸುವ ಕೀಲಿಯು ಬರೆದವನ ಕೈಯಲ್ಲಿಯೂ ಇದೆಯೆಂಬುದನ್ನು ಇದು ತೋರಿಸುತ್ತದೆ.

ಎರಡನೆಯದಾಗಿ, ಕೇಳುವಾಗ ಸಮಾಧಾನ ಹೇಳತೊಡಗಬಾರದು. "ಅಲ್ಲಿ ನನ್ನ ಅಭಿಪ್ರಾಯವೇನೆಂದರೆ" ಎಂದು ಬಾಯಿಂದ ವ್ಯಾಖ್ಯಾನಿಸಬೇಕಾದುದೆಲ್ಲ ಕಾಗದದ ಮೇಲೆ ಇಲ್ಲವೆಂದಾಯಿತಷ್ಟೆ. ಪುಸ್ತಕವು ಅಚ್ಚಾಗಿ ಹೋದಮೇಲೆ ಪ್ರತಿಯೊಬ್ಬ ಓದುಗನ ಹಿಂದೆಯೂ ಕರ್ತೃವು ನಿಂತು ಅರ್ಥಹೇಳುವುದು ಸಾಧ್ಯವೆ? ಸುಮ್ಮನಿದ್ದು, ಹೇಳಿದುದನ್ನು ಬರೆದುಕೊಳ್ಳಬೇಕು. ಕೆಲವು ದಿವಸ ಕಳೆದಮೇಲೆ ಅದನ್ನು ತೆರೆದು ನೋಡಿದರೆ, ಅಂದು ಬಾಣದಂತೆ ನಾಟಿದ ಮಾತು ಸೂಜಿಯಷ್ಟಾಗಿರುತ್ತದೆ. ಕೆಲವು ಉಪಯುಕ್ತವಾದ ಹೊಲಿಗೆಯ ಸೂಜಿಗಳಾಗಿಯೂ ಇರುತ್ತವೆ.

ಮೂರನೆಯದಾಗಿ, ಒಬ್ಬರಿಗಿಂತ ಹೆಚ್ಚು ಮಂದಿಗೆ ತೋರಿಸಬೇಕು. ಇಬ್ಬರು ಒಂದೇ ಸ್ಥಳದಲ್ಲಿ ಎಡವಿದರೆ ಅಲ್ಲಿ ಕಲ್ಲಿದೆಯೆಂದು ನಿಶ್ಚಯ. ಆ ಕಲ್ಲನ್ನು ಹೇಗೆ ತೆಗೆಯಬೇಕೆಂದು ಅವರಿಬ್ಬರೂ ಹೇಳುವ ಉಪಾಯಗಳು ತಪ್ಪಾಗಿರಬಹುದು. ಎಡವಿದ ಸುದ್ದಿಯನ್ನು ನಂಬಬೇಕು. ಉಪಾಯವನ್ನು ತಾನೇ ಹುಡುಕಬೇಕು. ಮುದ್ದಣನು ಮಾಡಿದುದು ಇದನ್ನೇ.

೭

ಕೊನೆಯದಾಗಿ ಅಧ್ಯಾಪಕರಿಗೆ ಎರಡು ಮಾತು. ನಮ್ಮ ಶಾಲೆಗಳಲ್ಲಿ ಪ್ರಬಂಧವನ್ನು ತಿದ್ದುವುದು ಉಪಾಧ್ಯಾಯನ ಕೆಂಪು ಮಸಿಯ ಕೆಲಸವೆಂದೇ ರೂಢಿಯಾಗಿದೆ. ವಿದ್ಯಾರ್ಥಿಯು ಹತ್ತಾರು ವರ್ಷ ತಿದ್ದಿಸಿಕೊಳ್ಳುತ್ತಾನೆ; ಒಂದು ದಿನವೂ ಇನ್ನೊಬ್ಬನ ಬರಹವನ್ನು ಓದಿ ಅಭಿಪ್ರಾಯ ಹೇಳಿರುವುದಿಲ್ಲ. ತಿದ್ದುವುದು ಮೇಲಿನವನು ಕೆಳಗಿನವನಿಗೆ ಮಾಡುವ ಕೆಲಸವೆಂಬ ಭಾವನೆಯು ಹೀಗೆ ಬೇರೂರುತ್ತದೆ. ಮುಂದೆ ಅವನು ವಿದ್ವಾಂಸನಾದಮೇಲೆ ತಿದ್ದುವವರನ್ನು ಕಂಡರೆ ತನ್ನನ್ನು ಕೆಳಗಿಟ್ಟರೆಂದು ಕೆರಳುತ್ತಾನೆ. ಇಲ್ಲವೆ ತಾನು ತಿದ್ದಲು ಹೋದರೆ ಮೇಲೇರಿ ಕುಳಿತಂತಾಗುವುದೆಂದು ಹಿಂಜರಿಯುತ್ತಾನೆ. ತರಗತಿಯಲ್ಲಿ ನಾಲ್ಕು ನಾಲ್ಕು ಮಂದಿಯನ್ನು ಕೂಡಿಸಿ, ಒಬ್ಬನು ತನ್ನ ಬರಹವನ್ನು ಗಟ್ಟಿಯಾಗಿ ಓದುವಂತೆಯೂ, ಉಳಿದವರು "ಇಲ್ಲಿ ನಿಂತೆ, ಇಲ್ಲಿ ಎಡವಿದೆ" ಎಂದು ಹೇಳುವಂತೆಯೂ ಅಭ್ಯಾಸಮಾಡಿಸಿದರೆ ಈ ಭಾವನೆಯು ಸಡಿಲವಾಗುವುದು. ಉಪಾಧ್ಯಾಯನೂ ಒಮ್ಮೊಮ್ಮೆ ತಾನು ಬರೆದುದನ್ನು ಆ ಮಕ್ಕಳ ಮುಂದೆ ಓದಿ ಅವರ ಮಾತನ್ನು ಕೇಳುವುದು ಒಳ್ಳೆಯದು. ಮೊದಲನೆಯ ಸಲ ಮಕ್ಕಳು ಹೊಗಳುವರು. ಮೂರನೆಯ ಸಲ ಸತ್ಯವನ್ನು ಹೇಳುವರು.

ಸಮಾನರ ಕೂಟಗಳಿಂದ ಭಾಷೆಗೆ ಏನಾಗುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷ್ಯವಿದೆ. ೧೯೨೨ರಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಸೇರಿದ ಗೆಳೆಯರ ಗುಂಪಿನಲ್ಲಿ ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ. ಕೃ. ಗೋಕಾಕ ಮೊದಲಾದವರು ಸೇರಿಕೊಂಡರು. ಅದಕ್ಕೆ ಅವರಿಟ್ಟುಕೊಂಡ ಹೆಸರು ಗುರುಕುಲವೆಂದಲ್ಲ, ಪರೀಕ್ಷಾಮಂಡಲಿಯೆಂದೂ ಅಲ್ಲ, ಗೆಳೆಯರ ಗುಂಪೆಂದು. ಆ ಹೆಸರಿನಲ್ಲಿ ಈ ಲೇಖನದ ಸಾರವೆಲ್ಲವೂ ಅಡಗಿದೆಯೆಂದು ಹೇಳಬಹುದು. ಕವಿಗೆ ಭಾವಕನು ಒಡೆಯನೂ ಮಿತ್ರನೂ ಮಂತ್ರಿಯೂ ಶಿಷ್ಯನೂ ಆಚಾರ್ಯನೂ ಆಗುವನೆಂದು ರಾಜಶೇಖರನು ಹೇಳಿದ್ದಾನೆ. ಇವುಗಳಲ್ಲಿ ಒಡೆಯನೂ ಆಚಾರ್ಯನೂ ಆಗುವುದಕ್ಕೆ ಎಂಟೆದೆ ಬೇಕಾಗಬಹುದು. ಮಿತ್ರನಾಗುವುದಕ್ಕೆ ಇರುವ ಒಂದೆದೆಯೇ ಸಾಕು. ಆದರೆ ಅದನ್ನು ಮುಚ್ಚಿಡಬಾರದು.

ನನ್ನ ಮಿತ್ರರು ಈಗ ಇಲ್ಲ. ಅವರ ಕಾವ್ಯದ ಒಂದು ಪ್ರತಿಯು ನನ್ನ ಬಳಿಯಿದೆ. ಈಚೆಗೆ ಅದನ್ನು ಮತ್ತೆ ಓದಿದೆನು. ಮೂರನೆಯ ಸರ್ಗದಲ್ಲಿ ಹನ್ನೆರಡು ಪದ್ಯಗಳನ್ನು ಮಾತ್ರ ಉಳಿಸಿಕೊಂಡರೆ ಕಥೆಯು ಸಲೀಸಾಗಿ ಮುಂದೆ ಹರಿಯುತ್ತದೆ; ಉಳಿದ ಸರ್ಗಗಳು ಚೆನ್ನಾಗಿಯೇ ಇವೆ. ಇದನ್ನು ಅವರಿಗೆ ಹೇಳಲು ಅರ್ಧ ಗಂಟೆಯು ಸಾಕಾಗುತ್ತಿತ್ತು.